ಸೇತುವೆ ಇಳಿಯುವ ಜಾಗ

ಬೆಳಗಿನ ಐದೂವರೆಗೆ ಹಳೆ ಸೇತುವೆಯ ತುದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದೆ. ತೊಡೆ ಮೇಲೆ ರಟ್ಟು, ರಟ್ಟಿಗೆ ಸಿಕ್ಕಿಸಿದ ಫಾರ್ಮು, ಕೈಯಲ್ಲಿ ಪೆನ್ಸಿಲ್. ಹೊಸ ಸೇತುವೆಯ ಯೋಜನಾ ತಂಡಕ್ಕೆ ಸೇರಿ ಎರಡು ವಾರವಾಗಿತ್ತು. ನಕ್ಷೆ ಬಿಡಿಸಬೇಕು, ಕಂಬಗಳ ಲೆಕ್ಕ ಹಾಕಬೇಕು ಅಂತೆಲ್ಲ ಆಸೆ ಇಟ್ಟುಕೊಂಡು ಬಂದವಳಿಗೆ ಸಿಕ್ಕ ಮೊದಲ ಕೆಲಸ ಗಾಡಿ ಎಣಿಸುವುದು.

ನಾಲ್ಕು ಗೀಟು ಉದ್ದಕ್ಕೆ, ಐದನೆಯದು ಅಡ್ಡಕ್ಕೆ. ಪ್ರತಿ 15 ನಿಮಿಷಕ್ಕೆ ಹೊಸ ಸಾಲು. ಬೈಕಿಗೊಂದು ಕಾಲಂ, ಆಟೋಗೊಂದು, ಕಾರಿಗೊಂದು, ಬಸ್ಸಿಗೊಂದು, ಲಾರಿಗೊಂದು. ಏಳು ದಿನ, ಹಗಲು ರಾತ್ರಿ, ಪಾಳಿಯ ಮೇಲೆ. ಕ್ಯಾಮೆರಾನೂ ಇತ್ತು. ಆದರೆ ದೊಡ್ಡ ಲಾರಿಯ ಹಿಂದೆ ಮರೆಯಾದ ಬೈಕು ಕ್ಯಾಮೆರಾಗೆ ಕಾಣುವುದಿಲ್ಲ. ಕುರ್ಚಿಯಲ್ಲಿ ಕೂತವರಿಗೆ ಕಾಣುತ್ತದೆ, ನಿದ್ದೆ ಬರದಿದ್ದರೆ.

ಎಣಿಸಿದ್ದನ್ನು ಸುಮ್ನೆ ಕೂಡಿಸಿದರೆ ಆಗಲಿಲ್ಲ. ಎಲ್ಲವನ್ನೂ ಕಾರಿನ ಲೆಕ್ಕಕ್ಕೆ ತರಬೇಕು. ಅದಕ್ಕೆ ಪಿಸಿಯು ಅನ್ನುತ್ತಾರೆ. ಒಂದು ಗಾಡಿ ರಸ್ತೆಯಲ್ಲಿ ಎಷ್ಟು ಕಾರಿನ ಜಾಗ ತಿನ್ನುತ್ತದೆ ಅನ್ನುವ ಅಳತೆ ಅದು. ನಾವು ಬಳಸಿದ ಕೋಷ್ಟಕದಲ್ಲಿ ಕಾರಿಗೆ 1, ಬೈಕಿಗೆ 0.5, ಬಸ್ಸಿಗೆ 3. ಮೊದಲು ನೋಡಿದಾಗ ಬಸ್ಸೇ ಕಳ್ಳ ಅನ್ನಿಸುತ್ತದೆ, ಮೂರು ಕಾರಿನ ಜಾಗ ನುಂಗುತ್ತಲ್ಲ ಅಂತ. ಆದರೆ ಆ ಬಸ್ಸಿನಲ್ಲಿ 50 ಜನ ಇರುತ್ತಾರೆ. ಹಿಂದೆ ಬರುವ ಮೂರು ಕಾರಿನಲ್ಲಿ ಐದು ಜನ ಇದ್ದರೆ ಹೆಚ್ಚು. ಕೋಷ್ಟಕ ಗಾಡಿಯನ್ನು ಕೇಳುತ್ತದೆ, ಜನರನ್ನು ಕೇಳುವುದಿಲ್ಲ.

ನಡೆದು ಹೋಗುವವರಿಗಂತೂ ಫಾರ್ಮಿನಲ್ಲಿ ಕಾಲಮ್ಮೇ ಇರಲಿಲ್ಲ. ಬೆಳಗ್ಗೆ ಏಳರ ಹೊತ್ತಿಗೆ ಸೇತುವೆಯ ಅಂಚಿನಲ್ಲಿ ಸಾಲಾಗಿ ಜನ ಬರಲು ಶುರುವಾದರು. ಕೆಲಸಕ್ಕೆ ಹೋಗುವ ಹೆಂಗಸರು, ಬ್ಯಾಗು ಹೊತ್ತ ಮಕ್ಕಳು, ಸೈಕಲ್ ತಳ್ಳಿಕೊಂಡು ಬರುವವರು. ನಾನು ಬಲಗಡೆ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದು, ಮೇಲೆ 'ನಡಿಗೆ' ಅಂತ ಬರೆದು, ಅವರನ್ನೂ ಗೀಟು ಹಾಕಿದೆ. ಯಾರೂ ಹೇಳಿರಲಿಲ್ಲ. ಆ ಪೆನ್ಸಿಲ್ ಕಾಲಂ ಆಮೇಲೆ ಕೆಲಸಕ್ಕೆ ಬಂತು.

ಮೂರನೇ ದಿನ ನಮ್ಮ ಹಿರಿಯ ಎಂಜಿನಿಯರ್ ಬಂದರು. ಕುರ್ಚಿ ಪಕ್ಕ ನಿಂತು, 'ಜಾಮ್ ಎಲ್ಲಿಂದ ಶುರುವಾಗುತ್ತೆ ಹೇಳಮ್ಮಾ' ಅಂದರು. ಸೇತುವೆಯಿಂದ ಸರ್, ಕಾಣ್ತಿದೆಯಲ್ಲ ಅಂದೆ. ಅವರು ಮಾತಾಡದೆ ಆಚೆ ದಡಕ್ಕೆ ನಡೆಸಿಕೊಂಡು ಹೋದರು.

ಅವತ್ತು ಕಲಿತ ಪರೀಕ್ಷೆ ತುಂಬಾ ಸರಳ. ಸೇತುವೆ ದಾಟಿದ ಮೇಲೆ ಗಾಡಿಗಳು ಏನು ಮಾಡುತ್ತವೆ ಅಂತ ನೋಡಬೇಕು. ದಾಟಿದ ತಕ್ಷಣ ಬಿಡುಗಡೆಯಾದ ಹಾಗೆ ಓಡಿದರೆ ಸೇತುವೆಯೇ ಇಕ್ಕಟ್ಟು. ದಾಟಿದ ಮೇಲೂ ತೆವಳುತ್ತಿದ್ದರೆ ತಪ್ಪು ಸೇತುವೆಯದ್ದಲ್ಲ. ನಮ್ಮಲ್ಲಿ ತೆವಳುತ್ತಿದ್ದವು. ಕ್ಯೂ ಶುರುವಾಗುತ್ತಿದ್ದದ್ದು ಆಚೆ ದಡದ ಸಿಗ್ನಲ್ಲಿನಿಂದ. ಅದರ ಬಾಲ ಸೇತುವೆ ಮೇಲೆ ಬಿದ್ದಿತ್ತು, ಅಷ್ಟೆ. ಬಾಲ ಕಂಡವರೆಲ್ಲ ಸೇತುವೆ ಸಾಲದು ಅನ್ನುತ್ತಿದ್ದರು.

ಲೆಕ್ಕವೂ ಅದನ್ನೇ ಹೇಳಿತು. ಹಸಿರು ದೀಪ ಒಂದು ಗಂಟೆ ಪೂರ್ತಿ ಉರಿದರೆ ಒಂದು ಲೇನಿನಿಂದ ಹೆಚ್ಚೆಂದರೆ ಸುಮಾರು 1,900 ಕಾರು ದಾಟುತ್ತವೆ ಅನ್ನುವುದು ಈ ಕೆಲಸದವರ ವಾಡಿಕೆಯ ಅಂದಾಜು. ನಾಲ್ಕು ದಿಕ್ಕಿನ ಜಂಕ್ಷನ್ನಿನಲ್ಲಿ ಒಂದು ದಿಕ್ಕಿಗೆ ಶೇಕಡಾ 40ರಷ್ಟು ಹಸಿರು ಸಿಕ್ಕರೆ ಅದೇ ದೊಡ್ಡದು. ಅಂದರೆ 760. ಸೇತುವೆ ಎಷ್ಟೇ ಅಗಲ ಇರಲಿ, ಬಾಗಿಲಲ್ಲಿ 760ರ ತೂತು. ಪಕ್ಕದಲ್ಲೇ ಇನ್ನೊಂದು ಸೇತುವೆ ಕಟ್ಟಿ ಅದೇ ಸಿಗ್ನಲ್ಲಿಗೆ ತಂದು ಬಿಟ್ಟರೆ ಏನಾಗುತ್ತದೆ? ಒಂದು ಬಾಲ ಇದ್ದ ಕಡೆ ಎರಡು ಬಾಲ.

ಊರಿನವರೆಲ್ಲ ಕೇಳುತ್ತಿದ್ದದ್ದು ಮಾತ್ರ ಅದನ್ನೇ, ಪಕ್ಕದಲ್ಲೇ ಇನ್ನೊಂದು. ಅವರನ್ನು ದೂರುವ ಹಾಗಿಲ್ಲ. ಎರಡು ವಾರದ ಹಿಂದೆ ನಾನೂ ಹಾಗೇ ಅಂದುಕೊಂಡಿದ್ದೆ.

ಗಾಡಿ ಎಣಿಸುವುದು ಮುಗಿದ ಮೇಲೆ ಗಾಡಿ ಕೇಳುವ ಕೆಲಸ. ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ, ಯಾಕೆ? ಕೆಂಪು ದೀಪದಲ್ಲಿ ನಿಂತವರ ಕಿಟಕಿ ಹತ್ತಿರ ಹೋಗಿ ಕೇಳಬೇಕು. ಅರ್ಧ ಜನ ಗ್ಲಾಸ್ ಇಳಿಸಲಿಲ್ಲ. ಒಬ್ಬರು 'ಸೇತುವೆ ಕಟ್ಟಿ ಅಂದ್ರೆ ಪ್ರಶ್ನೆ ಕೇಳ್ತೀರಲ್ರೀ' ಅಂತ ಸಿಡುಕಿದರು. ಜೊತೆಗೆ ಊರಿನ ನಾಲ್ಕು ಮೂಲೆಗಳಲ್ಲಿ ನಂಬರ್ ಪ್ಲೇಟುಗಳನ್ನು ಬರೆದುಕೊಂಡೆವು. ಒಂದು ಪ್ಲೇಟು ಬೆಳಗ್ಗೆ ಮೇಲಿನ ಬಡಾವಣೆಯ ತಿರುವಿನಲ್ಲಿ ಕಂಡು, ಅರ್ಧ ಗಂಟೆಯಲ್ಲಿ ಹಳೆ ಸೇತುವೆ ಮೇಲೆ ಕಂಡು, ಆಮೇಲೆ ಕೈಗಾರಿಕಾ ಪ್ರದೇಶದ ಗೇಟಿನ ಹತ್ತಿರ ಕಂಡರೆ ಕಥೆ ಗೊತ್ತಾಗುತ್ತದೆ. ನಡುವಿನ ಊರಿಗೂ ಆ ಗಾಡಿಗೂ ಸಂಬಂಧವೇ ಇಲ್ಲ. ಬಡಾವಣೆಯೂ ಕಾರ್ಖಾನೆಗಳೂ ನದಿಯ ಆಚೀಚೆ ಎದುರುಬದುರೇ ಇವೆ. ಮಧ್ಯೆ ದಾಟಲು ದಾರಿ ಇಲ್ಲ ಅಂತ ಅಷ್ಟು ಜನ ದಿನಾ ಊರ ನಡುವಿಗೆ ಇಳಿದು, ಸೇತುವೆ ದಾಟಿ, ಮತ್ತೆ ವಾಪಸ್ ಮೇಲಕ್ಕೆ ಹೋಗುತ್ತಿದ್ದರು.

ಹಾಗಾಗಿ ನಕ್ಷೆಯ ಮೇಲೆ ಮೂರು ಗೆರೆ ಬಿತ್ತು. ಮೊದಲನೆಯದು ಹಳೆ ಸೇತುವೆಯ ಪಕ್ಕ. ಎರಡನೆಯದು ಒಂದೂವರೆ ಕಿಲೋಮೀಟರ್ ಮೇಲ್ಗಡೆ, ನೀರು ಹರಿದು ಬರುವ ದಿಕ್ಕಿಗೆ, ಬಡಾವಣೆಗೂ ಕಾರ್ಖಾನೆಗಳಿಗೂ ನೇರ. ಮೂರನೆಯದು ಊರಾಚೆ, ಹೊರವರ್ತುಲ ರಸ್ತೆ ಬಂದರೆ ಅದಕ್ಕೆ ಸೇರುವ ಹಾಗೆ. ಮೂರನೆಯದನ್ನು ಬೇಗ ಬಿಟ್ಟೆವು. ರಸ್ತೆಯೇ ಇಲ್ಲದ ಕಡೆ ಸೇತುವೆ ಏನು ಮಾಡುತ್ತದೆ?

ಎರಡನೇ ಗೆರೆಯ ಬಗ್ಗೆಯೂ ಕಚೇರಿಯಲ್ಲಿ ಜಗಳ ಆಯಿತು. ಹೊಸ ದಾರಿ ಕೊಟ್ಟರೆ ದಟ್ಟಣೆ ಕಡಿಮೆಯಾಗಲೇಬೇಕು ಅಂತೇನಿಲ್ಲ. ಜರ್ಮನಿಯ ಗಣಿತಜ್ಞ ಡೀಟ್ರಿಚ್ ಬ್ರೇಸ್ 1968ರಲ್ಲೇ ಇದನ್ನು ತೋರಿಸಿದ್ದರು. ಎಲ್ಲರೂ ತಮಗೆ ಅನುಕೂಲವಾದ ದಾರಿಯನ್ನೇ ಹಿಡಿದರೆ, ಒಂದು ಹೊಸ ರಸ್ತೆ ಸೇರಿಸಿದಾಗ ಎಲ್ಲರ ಪ್ರಯಾಣವೂ ನಿಧಾನವಾಗುವ ಸಂದರ್ಭ ಇರುತ್ತದೆ ಅಂತ. ಇನ್ನೊಂದು, ರಸ್ತೆ ಸಲೀಸಾದರೆ ಇಷ್ಟು ದಿನ ಮನೆಯಲ್ಲಿದ್ದ ಕಾರೂ ಹೊರಗೆ ಬರುತ್ತದೆ. ಅಮೆರಿಕದ ನಗರಗಳ ರಸ್ತೆಗಳನ್ನು ನೋಡಿದ ಡ್ಯುರಾಂಟನ್ ಮತ್ತು ಟರ್ನರ್ ಅನ್ನುವ ಅರ್ಥಶಾಸ್ತ್ರಜ್ಞರು 2011ರಲ್ಲಿ ಹೇಳಿದ್ದು, ಹೆದ್ದಾರಿ ಎಷ್ಟು ಪಾಲು ಹೆಚ್ಚಾಗುತ್ತದೋ ಗಾಡಿಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚಾಗುತ್ತದೆ ಅಂತ. ನಾನು ಇದನ್ನು ಮೀಟಿಂಗಿನಲ್ಲಿ ಹೇಳಿದಾಗ ಒಬ್ಬರು, 'ಹಾಗಾದ್ರೆ ಮನೆಗೆ ಹೋಗೋಣ್ವಾ?' ಅಂದರು. ನಕ್ಕೆವು. ಆದರೆ ಆ ದಿನದಿಂದ ಹೊಸ ಸೇತುವೆಯಲ್ಲಿ ಬಸ್ಸಿಗೆ ಮತ್ತು ನಡೆಯುವವರಿಗೆ ಎಷ್ಟು ಜಾಗ ಅನ್ನುವ ಪ್ರಶ್ನೆ ಪಕ್ಕಕ್ಕೆ ಸರಿಯಲಿಲ್ಲ. ನನ್ನ ಪೆನ್ಸಿಲ್ ಕಾಲಂ ಟೈಪಾಗಿ ವರದಿಯೊಳಗೆ ಬಂದದ್ದು ಆಗಲೇ.

ಇನ್ನು ನದಿ.

ನಮ್ಮ ಗೆರೆ ಮೊದಲು ಬಿದ್ದಿದ್ದು ಒಂದು ತಿರುವಿನಲ್ಲಿ. ರಸ್ತೆಗೆ ಅದು ನೆಟ್ಟಗಿತ್ತು, ನದಿಗೆ ಓರೆ. ತಿರುವಿನ ಹೊರದಡವನ್ನು ನೀರು ವರ್ಷಾ ವರ್ಷಾ ತಿನ್ನುತ್ತಾ ಹೋಗುತ್ತದೆ, ಒಳದಡದಲ್ಲಿ ಮರಳು ಗುಡ್ಡೆ ಹಾಕುತ್ತದೆ. ಇವತ್ತು ದಡದಲ್ಲಿ ನಿಲ್ಲಿಸಿದ ಗೋಡೆ ನಾಳೆ ನೀರಲ್ಲಿ ನಿಲ್ಲಬೇಕಾಗುತ್ತದೆ. ಓರೆಯಾಗಿ ದಾಟಿದರೆ ಉದ್ದವೂ ಜಾಸ್ತಿ. 30 ಡಿಗ್ರಿ ಓರೆಯಾದರೆ ಸೇತುವೆ ಸುಮಾರು ಶೇಕಡಾ 15 ಉದ್ದ ಆಗುತ್ತದೆ. ಹಾಗಾಗಿ ನದಿ ನೆಟ್ಟಗೆ ಹರಿಯುವ, ಎರಡೂ ದಡ ಗಟ್ಟಿ ಇರುವ ಜಾಗಕ್ಕೆ ಗೆರೆಯನ್ನು ಸರಿಸಿದೆವು. ರಸ್ತೆ ಸ್ವಲ್ಪ ಬಳಸಿತು. ಬಳಸಲಿ ಬಿಡಿ.

ಅಲ್ಲಿಗೆ ನೆರೆ ನೀರು ಎಷ್ಟು ಎತ್ತರ ಬರುತ್ತದೆ ಅನ್ನುವುದು ಎಲ್ಲಕ್ಕಿಂತ ಮುಖ್ಯ. ದಾಖಲೆ ಇದ್ದದ್ದು ಹಳೆ ಸೇತುವೆಯ ಕಂಬದ ಮೇಲಿನ ಅಳತೆಪಟ್ಟಿಯದ್ದು ಮಾತ್ರ. ಅದರಲ್ಲಿನ ಅತಿ ಹೆಚ್ಚಿನ ಮಟ್ಟವನ್ನು ತೆಗೆದುಕೊಂಡೆ, ನಮ್ಮ ಜಾಗದ ನಕ್ಷೆಯ ಮೇಲೆ ಹಾಗೇ ಒಂದು ಅಡ್ಡಗೆರೆ ಎಳೆದೆ. ಚೆನ್ನಾಗಿ ಕಾಣಿಸಿತು. ಹಿರಿಯರ ಮೇಜಿನ ಮೇಲೆ ಇಟ್ಟೆ.

ಅವರು ಕನ್ನಡಕ ಹಣೆಗೇರಿಸಿ ನೋಡಿದರು. 'ಏನಮ್ಮಾ, ನದಿ ಏನು ಕೆರೆನಾ?'

ಅರ್ಥವಾಗಲಿಲ್ಲ.

'ನೀರು ಹರೀತಾ ಇದೆ ಅಂದ್ರೆ ಇಳಿಜಾರು ಇದೆ ಅಂತ ಅಲ್ವಾ? ಒಂದೂವರೆ ಕಿಲೋಮೀಟರ್ ಮೇಲೆ ಹೋಗಿದ್ದೀಯ. ನೀರು ಅದೇ ಮಟ್ಟದಲ್ಲಿ ಇರುತ್ತಾ?'

ಮುಖ ಕೆಂಪಾಯಿತು. ಆ ನದಿಯ ಇಳಿಜಾರು 2,000 ಮೀಟರಿಗೆ ಸುಮಾರು 1 ಮೀಟರ್. ಒಂದೂವರೆ ಕಿಲೋಮೀಟರಿಗೆ ಮುಕ್ಕಾಲು ಮೀಟರ್ ನನ್ನ ಲೆಕ್ಕದಿಂದ ಬಿಟ್ಟೇ ಹೋಗಿತ್ತು. ಸಾಲದ್ದಕ್ಕೆ ಹಳೆ ಸೇತುವೆಯ ದಪ್ಪ ಕಂಬಗಳು ನೆರೆ ನೀರನ್ನು ಅರ್ಧಂಬರ್ಧ ತಡೆದು ನಿಲ್ಲಿಸುತ್ತವೆ. ಅದರಿಂದ ಮೇಲ್ಗಡೆ ಇನ್ನಷ್ಟು ಏರುತ್ತದೆ. ಇದಕ್ಕೆ ಅಫ್ಲಕ್ಸ್ ಅನ್ನುತ್ತಾರೆ. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಮಾರನೇ ದಿನ ದಡಕ್ಕೆ ಹೋದೆ. ಅಲ್ಲಿ ತೆಪ್ಪ ಇಟ್ಟುಕೊಂಡಿದ್ದ ಅಜ್ಜ ಒಬ್ಬರು ಸಿಕ್ಕರು. ಅಜ್ಜ, ನೆರೆ ಬಂದಾಗ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೇಳಿದೆ. ಅವರು ಪಾಳು ಬಿದ್ದ ಪಂಪ್‌ಹೌಸಿನ ಹತ್ತಿರ ಕರೆದುಕೊಂಡು ಹೋಗಿ ಗೋಡೆಯಲ್ಲಿ ಒಂದು ಇಟ್ಟಿಗೆ ಮುಟ್ಟಿ ತೋರಿಸಿದರು. 'ಈ ಕಿಟಕಿ ಮುಳುಗಿರಲಿಲ್ಲ. ಕಿಟಕಿ ಕೆಳಗಿನ ಇಟ್ಟಿಗೆ ಮುಳುಗಿತ್ತು.' ಇಷ್ಟು ಖಚಿತವಾದ ಉತ್ತರ ನನಗೆ ಯಾವ ಕಚೇರಿಯಲ್ಲೂ ಸಿಕ್ಕಿರಲಿಲ್ಲ. ಒಬ್ಬರ ನೆನಪನ್ನು ನಂಬುವ ಹಾಗಿಲ್ಲ ಅಂತ ಇನ್ನೂ ನಾಲ್ಕು ಮನೆಗಳಲ್ಲಿ ಕೇಳಿ, ಗೋಡೆಯ ಗುರುತುಗಳಿಗೆ ಮಟ್ಟ ಹಿಡಿದೆವು. ಎಲ್ಲವನ್ನೂ ಗ್ರಾಫಿನ ಮೇಲೆ ಇಟ್ಟಾಗ ಚುಕ್ಕೆಗಳು ನದಿಯ ಜೊತೆಗೇ ಇಳಿಯುತ್ತಾ ಹೋದವು. ಅಜ್ಜನ ಇಟ್ಟಿಗೆ ಸಾಲಿನ ಮಧ್ಯದಲ್ಲೇ ಇತ್ತು.

ನೂರು ವರ್ಷಕ್ಕೊಮ್ಮೆ ಬರುವ ನೆರೆ ಅನ್ನುವ ಮಾತಿನಲ್ಲೂ ಎಡವಿದೆ. ಒಮ್ಮೆ ಬಂದರೆ ಇನ್ನು 99 ವರ್ಷ ನಿಶ್ಚಿಂತೆ ಅಂತ ಕೇಳಿದವರಿಗೆ ಅನ್ನಿಸುತ್ತದೆ. ಅದರ ಅರ್ಥ ಬೇರೆ. ಯಾವ ವರ್ಷ ಬೇಕಾದರೂ ಬರುವ ಸಾಧ್ಯತೆ ನೂರಕ್ಕೆ ಒಂದು. 30 ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇಕಡಾ 26, ನೂರು ವರ್ಷದಲ್ಲಿ 63. ಕ್ಯಾಲ್ಕುಲೇಟರಿನಲ್ಲಿ ಮಾಡಿ ನೋಡಿದಾಗ ನನಗೇ ಬೆವರು ಬಂತು.

ನದಿಗೆ ಎಷ್ಟು ಅಗಲ ಬಿಡಬೇಕು ಅನ್ನುವುದಕ್ಕೆ ಜೆರಾಲ್ಡ್ ಲೇಸಿ ಅನ್ನುವ ಎಂಜಿನಿಯರ್ 1930ರಲ್ಲಿ ಕೊಟ್ಟ ಸೂತ್ರ ಈಗಲೂ ಮೊದಲ ಅಂದಾಜಿಗೆ ಬಳಕೆಯಲ್ಲಿದೆ, ಮರಳು ಮಣ್ಣಿನ ನದಿಗಳಿಗೆ. ಸೆಕೆಂಡಿಗೆ ಹರಿಯುವ ನೀರಿನ ಘನಮೀಟರುಗಳ ವರ್ಗಮೂಲ ತೆಗೆದು 4.8ರಿಂದ ಗುಣಿಸಬೇಕು. ನೆರೆ 2,500 ಘನಮೀಟರ್ ಆದರೆ ವರ್ಗಮೂಲ 50, ಅಗಲ 240 ಮೀಟರ್. ಅದಕ್ಕಿಂತ ಕಡಿಮೆ ಬಿಟ್ಟು ದಡದಿಂದ ಮಣ್ಣು ತುಂಬಿಸಿಕೊಂಡು ಬಂದರೆ ಸೇತುವೆ ಚಿಕ್ಕದಾಗುತ್ತದೆ, ದುಡ್ಡು ಉಳಿಯುತ್ತದೆ. ನದಿ ಮಾತ್ರ ಆ ಬಾಕಿಯನ್ನು ತಳದಿಂದ ವಸೂಲಿ ಮಾಡುತ್ತದೆ. ಇಕ್ಕಟ್ಟಾದ ನೀರು ಜೋರಾಗಿ ಹರಿದು ತಳವನ್ನು ಕೊರೆಯುತ್ತದೆ.

ಈ ಕೊರೆತ ಮೋಸದ್ದು. ನೆರೆಯಲ್ಲಿ ನೀರು ಕಂಬಕ್ಕೆ ಬಡಿದು ಕೆಳಕ್ಕೆ ಧುಮುಕಿ, ಸುಳಿಯಾಗಿ ಕಂಬದ ಬುಡದ ಮರಳನ್ನು ಎತ್ತಿಕೊಂಡು ಹೋಗುತ್ತದೆ. ನೆರೆ ಇಳಿಯುವಾಗ ಅದೇ ಗುಂಡಿಗೆ ಹೊಸ ಮರಳು ಬಂದು ತುಂಬಿಕೊಳ್ಳುತ್ತದೆ. ಬೇಸಿಗೆಯಲ್ಲಿ ಹೋಗಿ ನೋಡಿದರೆ ಏನೂ ಆಗದ ಹಾಗೆ ಸಮತಟ್ಟು. ನ್ಯೂಯಾರ್ಕ್ ರಾಜ್ಯದ ಸ್ಕೊಹ್ಯಾರಿ ಹೊಳೆಯ ಸೇತುವೆ 1987ರ ಏಪ್ರಿಲಿನಲ್ಲಿ ಬಿದ್ದದ್ದು ಹೀಗೆ ಬುಡ ಕೊರೆದು. ಹತ್ತು ಜನ ಸತ್ತರು. ಮೇಲಿನ ಕಾಂಕ್ರೀಟು ಭಾರ ತಾಳದೆ ಬಿದ್ದದ್ದಲ್ಲ, ಕೆಳಗಿನ ಮಣ್ಣು ಹೋಗಿತ್ತು. ಮೇಲೆ ಲಾರಿ ಎಷ್ಟು ಓಡುತ್ತವೆ ಅಂತ ಎಣಿಸಿ, ಕೇಳಿ, ಲೆಕ್ಕ ಹಾಕುತ್ತಾ ತಿಂಗಳುಗಟ್ಟಲೆ ಕಳೆದ ನಾವು ಕೆಳಗೆ ಮರಳು ಎಷ್ಟು ಓಡುತ್ತದೆ ಅನ್ನುವುದಕ್ಕೆ ಎರಡೇ ವಾರ ಇಟ್ಟಿದ್ದೆವು. ಜಗಳ ಮಾಡಿ ಒಂದು ತಿಂಗಳು ಮಾಡಿಸಿಕೊಂಡೆವು.

ಕಂಬದ ಬುಡದಲ್ಲಿ ಎಂಥ ನೆಲ ಇದೆ ಅಂತ ನೋಡಲು ಬೋರ್ ಹಾಕುವಾಗ ಮತ್ತೆ ಎಣಿಕೆಯೇ ಗತಿ. ಡ್ರಮ್ಮುಗಳ ಮೇಲೆ ಹಲಗೆ ಹಾಸಿ ನದಿ ನಡುವೆ ಯಂತ್ರ ನಿಲ್ಲಿಸಿದ್ದರು. 63.5 ಕಿಲೋ ಸುತ್ತಿಗೆಯನ್ನು 76 ಸೆಂಟಿಮೀಟರ್ ಮೇಲಿಂದ ಬೀಳಿಸಿ ಕೊಳವೆಯನ್ನು ನೆಲಕ್ಕೆ ಬಡಿಯಬೇಕು. ಕೊನೆಯ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಅಂತ ಬರೆದುಕೊಳ್ಳಬೇಕು. ನಾಲ್ಕು ಗೀಟು ಉದ್ದಕ್ಕೆ, ಐದನೆಯದು ಅಡ್ಡಕ್ಕೆ. ಒಂದು ಕಡೆ ಬೇಗನೇ ಬಂಡೆ ಸಿಕ್ಕಿತು ಅಂತ ಎಲ್ಲರೂ ಖುಷಿಯಾದರು. ಮೇಸ್ತ್ರಿ ಮಾತ್ರ ನಿಲ್ಲಿಸಬೇಡಿ ಅಂದ. ಎರಡು ಮೀಟರ್ ಕೊರೆದ ಮೇಲೆ ಮತ್ತೆ ಮರಳು ಬಂತು. ಬಂಡೆಯಲ್ಲ, ಮರಳಿನಲ್ಲಿ ಹೂತ ದೊಡ್ಡ ಗುಂಡುಕಲ್ಲು. ಅದರ ಮೇಲೆ ಕಂಬ ನಿಲ್ಲಿಸಿದ್ದರೆ ಏನಾಗುತ್ತಿತ್ತೋ.

ಈಗ ಆ ಮುಕ್ಕಾಲು ಮೀಟರಿಗೆ ವಾಪಸ್ ಬರುತ್ತೇನೆ. ನೆರೆಯ ಮಟ್ಟ ಗೊತ್ತಾದ ಮೇಲೆ ಅದರ ಮೇಲೆ ತೇಲಿ ಬರುವ ಮರ, ಕಸ ದಾಟಲು ಒಂದಷ್ಟು ಖಾಲಿ ಜಾಗ ಬಿಡಬೇಕು. ಅದರ ಮೇಲೆ ತೊಲೆ. ಎರಡು ಕಂಬಗಳ ನಡುವೆ 40 ಮೀಟರ್ ಇಟ್ಟರೆ ತೊಲೆಯ ಎತ್ತರವೇ ಎರಡು ಮೀಟರಿನ ಮೇಲೆ ಹೋಗುತ್ತದೆ. ಅದರ ಮೇಲೆ ರಸ್ತೆ. ಕಂಬ ಕಡಿಮೆ ಮಾಡೋಣ ಅಂತ ನಡುವಿನ ದೂರ ಹೆಚ್ಚಿಸಿದರೆ ತೊಲೆ ದಪ್ಪ ಆಗಿ ರಸ್ತೆ ಇನ್ನೂ ಮೇಲೆ ಹೋಗುತ್ತದೆ. ಮೇಲೆ ಹೋದ ರಸ್ತೆ ದಡದಲ್ಲಿ ಕೆಳಗೆ ಇಳಿಯಲೇಬೇಕಲ್ಲ? ಪ್ರತಿ 30 ಮೀಟರಿಗೆ 1 ಮೀಟರಿನಂತೆ ಇಳಿಸಿದರೆ, ನೆಲದಿಂದ 9 ಮೀಟರ್ ಎತ್ತರದ ಸೇತುವೆಗೆ 270 ಮೀಟರ್ ಇಳಿಜಾರು ರಸ್ತೆ ಬೇಕು. ಇನ್ನೂ ಕಡಿದು ಮಾಡಿದರೆ ತುಂಬಿದ ಲಾರಿ ಹತ್ತುವುದಿಲ್ಲ, ಸೈಕಲ್ಲಿನವರು ಇಳಿದು ತಳ್ಳಬೇಕು. ಹಾಗಾದರೆ ಮುಕ್ಕಾಲು ಮೀಟರ್ ಅಂದರೆ ಒಂದೊಂದು ಬದಿಗೆ ಇಪ್ಪತ್ತೆರಡು ಮೀಟರಿನ ಮೇಲೆ. ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆದೆ. ಬಡಾವಣೆ ಕಡೆ ಆ ಇಪ್ಪತ್ತೆರಡು ಮೀಟರಿನೊಳಗೆ ಒಂದು ಸಾಲು ಮನೆ ಇತ್ತು.

ನಾನು ಮರೆತ ಇಳಿಜಾರಿನ ಒಳಗೆ ಒಂದು ಸಾಲು ಮನೆ. ಆ ಸಂಜೆ ಕೆಲಸ ಮಾಡಲು ಆಗಲಿಲ್ಲ.

ಆಮೇಲೆ ಬಹಳ ಸರ್ಕಸ್ ಮಾಡಿದೆವು. ದಡದ ಹತ್ತಿರದ ತೊಲೆಗಳನ್ನು ಗಿಡ್ಡ ಮಾಡಿ, ನದಿ ನಡುವೆ ಮಾತ್ರ ರಸ್ತೆ ಎತ್ತರಕ್ಕೆ ಹೋಗಿ ದಡಕ್ಕೆ ಬರುವ ಮೊದಲೇ ಇಳಿಯಲು ಶುರುವಾಗುವ ಹಾಗೆ ಬಾಗಿಸಿದೆವು. ಮನೆಗಳ ಸಾಲಿನಲ್ಲಿ ಎಲ್ಲವೂ ಉಳಿಯಲಿಲ್ಲ, ಬಹಳಷ್ಟು ಉಳಿದವು.

ಜನರ ಅಹವಾಲು ಕೇಳುವ ಸಭೆ ನಡೆದಿದ್ದು ಒಂದು ಶಾಲೆಯಲ್ಲಿ. ನಾವು ದೊಡ್ಡ ಪರದೆ, ಬಣ್ಣದ ಚಿತ್ರ ಎಲ್ಲ ತಂದಿದ್ದೆವು. ಚಿತ್ರದಲ್ಲಿ ಸೇತುವೆ ಸಂಜೆ ಬೆಳಕಿನಲ್ಲಿ ಹೊಳೆಯುತ್ತಿತ್ತು. ಮೊದಲ ಅರ್ಧ ಗಂಟೆ ಪರಿಹಾರದ ಬಗ್ಗೆ, ಯಾರ ಜಾಗ ಎಷ್ಟು ಹೋಗುತ್ತದೆ ಅನ್ನುವುದರ ಬಗ್ಗೆ ಗಲಾಟೆ. ಅದು ಆಗಬೇಕಾದದ್ದೇ. ಸಿಟ್ಟಿನಲ್ಲಿ ಕೂಗಿದವರಿಗೆ ಕೂಗುವ ಹಕ್ಕಿತ್ತು, ನಮ್ಮ ಕಡೆಯಿಂದ ಅವರಿಗೆ ಪತ್ರವೇ ತಡವಾಗಿ ಹೋಗಿತ್ತು.

ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಹೆಂಗಸು ಎದ್ದರು. 'ಈ ಇಳಿಜಾರು ರಸ್ತೆ ಅಂದ್ರಲ್ಲ, ಅದರ ಎರಡೂ ಪಕ್ಕ ಗೋಡೆ ಇರುತ್ತಾ?' ಹೌದಮ್ಮ, ಗೋಡೆ ಕಟ್ಟಿ ನಡುವೆ ಮಣ್ಣು ತುಂಬುತ್ತೇವೆ ಅಂದೆ. 'ಹಾಗಾದ್ರೆ ನಾನು ಈ ಬೀದಿಯಿಂದ ಆ ಬೀದಿಗೆ ಹೋಗೋದು ಹೇಗೆ? ಮಗಳ ಶಾಲೆ ಆಚೆ ಇದೆ.'

ಪರದೆಯಲ್ಲಿ ಅವರ ಎರಡೂ ಬೀದಿ ಇದ್ದವು. ನಡುವೆ 270 ಮೀಟರ್ ಗೋಡೆ. ನದಿ ದಾಟಿಸಲು ಹೊರಟ ನಾವು ದಡದಲ್ಲೇ ದಾಟಲಾಗದ ಇನ್ನೊಂದು ನದಿ ಮಾಡಿದ್ದೆವು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬರೆದುಕೊಂಡೆ.

ಅವರು ಕೂರಲಿಲ್ಲ. 'ಬಸ್ಸು ಸೇತುವೆ ಮೇಲೆ ಹೋಗುತ್ತೆ ಅಂತ ಬರೆದಿದ್ದೀರ. ಹತ್ತೋದು ಎಲ್ಲಿ?'

ಇಳಿಜಾರು ಮುಗಿಯುವ ಕಡೆಗೆ ಮೊದಲ ನಿಲ್ದಾಣ ಇಟ್ಟಿದ್ದೆವು. ದಡದಲ್ಲಿ ಇರುವವರು ತಲೆ ಮೇಲೆ ಹೋಗುವ ಬಸ್ಸನ್ನು ನೋಡುತ್ತಾ ಅಷ್ಟು ದೂರ ಹಿಂದಕ್ಕೆ ನಡೆದು, ಹತ್ತಿ, ಅದೇ ದಾರಿಯಲ್ಲಿ ವಾಪಸ್ ಬರಬೇಕಿತ್ತು. ಹಳೆ ಸೇತುವೆ ಮೇಲೆ ಪೆನ್ಸಿಲ್ ಕಾಲಮ್ಮಿನಲ್ಲಿ ನಾನು ಗೀಟು ಹಾಕಿದ್ದು ಇವರನ್ನೇ. ಎಣಿಸಿ, ವರದಿಗೆ ಸೇರಿಸಿ, ನಕ್ಷೆ ಬಿಡಿಸುವಾಗ ಮರೆತಿದ್ದೆ.

ನಕ್ಷೆ ಮತ್ತೆ ಬದಲಾಯಿತು. ಇಳಿಜಾರು ರಸ್ತೆಯಲ್ಲಿ ಹೆಚ್ಚು ಎತ್ತರ ಇರುವ ಅರ್ಧ ಭಾಗವನ್ನು ಮಣ್ಣು ತುಂಬದೆ ಕಂಬಗಳ ಮೇಲೆ ತಂದೆವು. ಕೆಳಗೆ ಬೀದಿ ಹಾಗೇ ಉಳಿಯುತ್ತದೆ, ನೆರೆ ಬಂದರೆ ನೀರಿಗೂ ದಾರಿ. ದುಡ್ಡು ಜಾಸ್ತಿ, ಅದಕ್ಕೆ ಲೆಕ್ಕಪತ್ರದವರ ಜೊತೆ ಮೂರು ಮೀಟಿಂಗ್. ಸೇತುವೆಯ ಎರಡೂ ತುದಿಯಲ್ಲಿ ಬಸ್ಸಿಗೆ ಒಂದು ಬದಿಯ ಜಾಗ, ಅಲ್ಲಿಂದ ಕೆಳಗಿನ ಬೀದಿಗೆ ಮೆಟ್ಟಿಲು, ಮೆಟ್ಟಿಲು ಹತ್ತಲಾಗದವರಿಗೆ ಲಿಫ್ಟು. ಆಚೆ ದಡದಲ್ಲಿ ರಸ್ತೆ ನೇರ ಸಿಗ್ನಲ್ಲಿಗೆ ಬೀಳದೆ ಎರಡು ಕವಲಾಗುತ್ತದೆ. ಕಾರ್ಖಾನೆ ಕಡೆಗೆ ಹೋಗುವವರು ಸಿಗ್ನಲ್ ಮುಟ್ಟುವುದೇ ಇಲ್ಲ.

ಈಗ ಕಡತ ಮೇಲಿನ ಕಚೇರಿಯಲ್ಲಿದೆ. ಹೋದ ವಾರ ಅಲ್ಲಿಂದ ಟಿಪ್ಪಣಿ ಬಂತು. ಮೊತ್ತ ಹೆಚ್ಚಾಗಿದೆ, ಮೆಟ್ಟಿಲು ಮತ್ತು ಲಿಫ್ಟ್ ಸೇತುವೆಯ ಕೆಲಸಕ್ಕೆ ಅಗತ್ಯವಿಲ್ಲ, ಕೈಬಿಡಬಹುದೇ ಅಂತ ಕೇಳಿದ್ದಾರೆ. ಉತ್ತರ ಬರೆಯುತ್ತಾ ಇದ್ದೇನೆ. ಜೊತೆಗೆ ಲಗತ್ತಿಸಲು ಆ ಮೊದಲ ಫಾರ್ಮನ್ನು ಹುಡುಕಿ ತೆಗೆದೆ. ಮಳೆ ಹನಿ ಬಿದ್ದು ಒಂದು ಮೂಲೆ ಉಬ್ಬಿದೆ. ಪೆನ್ಸಿಲ್ ಕಾಲಂ ಮಾತ್ರ ಓದಲು ಬರುತ್ತದೆ.